ಎಡಗಡೆಯ ಡಬ್ಬಿ

ಖೈತಾನ್, ಕುವೈತ್
9-3-1990

ಸ್ವಸ್ತಿಶ್ರೀ ಸಮಸ್ತ ಶಂಕರಪುರ ಮಲ್ಲಿಗೆ ಮಂಡಲಾಧೀಶ್ವರಿ, ಮೂವತ್ತಾರು ಗಿಡಗಳ ಏಕಚ್ಛತ್ರ ಒಡತಿ, ಮೊಗ್ಗು ಕೊರೆಯುವ ಹುಳುಗಳ ಗಂಡ, ನೆರೆಮನೆಯ ಕೋಳಿಗಳ ಎದೆಶೂಲ, ಕಣ್ಣು ಮುಚ್ಚಿಕೊಂಡು ಬಾಳೆನಾರಿನಲ್ಲಿ ಹೂವಿನ ಚೆಂಡು ಕಟ್ಟುವ ಬಿರುದಾಂಕಿತೆ ಶ್ರೀಮತಿ ಬೆಟ್ಟಿ ಮತಾಯಸ್ ಅವರ ದಿವ್ಯ ಸನ್ನಿಧಾನಕ್ಕೆ, ಅವರದೇ ಹೊಟ್ಟೆಯಲ್ಲಿ ಹುಟ್ಟಿದ, ಆದರೆ ಆ ಸಂಗತಿಯನ್ನು ಇತ್ತೀಚೆಗೆ ಅವರು ಮರೆತಂತೆ ಕಾಣುವ, ಏಕಮಾತ್ರ ಪುತ್ರ ಆನ್ಸನ್ ಅಡ್ಡಬಿದ್ದು ಮಾಡಿಕೊಳ್ಳುವ ಬಿನ್ನಹ.

ಮಾಯ್, ಕನ್ನಡದಲ್ಲಿ ಬರೆದೆನೆಂದು ಗಾಬರಿಯಾಗಬೇಡ. ನಮ್ಮ ಕೊಂಕಣಿಯಲ್ಲಿ ಬಿರುದುಗಳಿಗೆ ಬರಗಾಲ.

ರಜೆ ಮುಗಿಸಿ ಸುಖವಾಗಿ ತಲುಪಿದೆ. ನೀನು ಒದ್ದೆ ಬಾಳೆಹಾಳೆಯಲ್ಲಿ ಸುತ್ತಿ ನನ್ನ ಅಂಗಿಗಳ ನಡುವೆ ಇಟ್ಟ ಎರಡು ಮಲ್ಲಿಗೆ ಗಿಡಗಳೂ ತಲುಪಿದವು. ಕಸ್ಟಮ್ಸಿನವನು ಪೆಟ್ಟಿಗೆ ತೆರೆದು ಅಂಗಿ ಮೂಸಿ, ನನ್ನ ಮುಖ ನೋಡಿ, "ಯಲ್ಲಾ, ಯಲ್ಲಾ" ಎಂದು ಕಳಿಸಿಬಿಟ್ಟ. ಒದ್ದೆ ಅಂಗಿ ಹೊತ್ತು ವಿಮಾನ ಹತ್ತುವವನ ಬಳಿ ಕದ್ದು ಸಾಗಿಸಲು ಏನಿರುತ್ತದೆ ಎಂದು ಕನಿಕರಪಟ್ಟಿರಬೇಕು.

ಈಗ ದೂರು. ಒಂದು ಗಿಡ ನನಗೆ, ಒಂದು ನನ್ನ ರೂಮಿನ ಸುಕೇಶನಿಗೆ ಎಂದು ನೀನು ಹೇಳಿ ಕಳಿಸಿದೆ. ಸ್ಕೇಲ್ ಇಟ್ಟು ಅಳೆದೆ. ಅವನದಕ್ಕೆ ನಾಲ್ಕು ಗೆಣ್ಣು, ನನ್ನದಕ್ಕೆ ಮೂರು. ನೀನು ಅವನನ್ನು ಒಮ್ಮೆಯೂ ನೋಡಿಲ್ಲ. ಕಟಪಾಡಿಯವನು, ಇಲ್ಲಿ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ, ಅಷ್ಟೇ ನಿನಗೆ ಗೊತ್ತು. ಊಟಕ್ಕೆ ಕೂತಾಗ "ಅವನಿಗೆ ತಾಯಿ ಇಲ್ಲ ಮಾಯ್" ಎಂದು ನಾನು ಬಾಯಿ ಬಿಟ್ಟದ್ದೇ ತಪ್ಪು. ಆ ಮಾತಿಗೆ ನನ್ನ ಪಾಲಿನ ಮೀನು ಎರಡು ಹೋಳಾಗುತ್ತದೆ ಎಂದು ಗೊತ್ತಿದ್ದರೆ ಸುಮ್ಮನೆ ಅನ್ನ ತಿನ್ನುತ್ತಿದ್ದೆ.

ಇರಲಿ. ಹೋಟೆಲಿನ ಎರಡು ಖಾಲಿ ಎಣ್ಣೆ ಡಬ್ಬಿಗೆ ತೂತು ಹೊಡೆದು ಬಾಲ್ಕನಿಯಲ್ಲಿ ನೆಟ್ಟಿದ್ದೇವೆ. ಎಡಗಡೆಯದು ಸುಕೇಶನದು, ಬಲಗಡೆಯದು ನನ್ನದು. ಮೀನಾ ಅಲ್ ಅಹ್ಮದಿಯ ನಮ್ಮ ರಿಫೈನರಿಯ ಇಂಗ್ಲಿಷ್ ಎಂಜಿನಿಯರ್ ಮೂರು ಬಾಟಲಿ ಗೊಬ್ಬರದ ಹೆಸರು ಹೇಳಿದ್ದಾನೆ. ಹಸಿರು ಎಲೆಗೆ, ಕೆಂಪು ಹೂವಿಗೆ, ಹಳದಿ ಬೇರಿಗೆ. ತಂದಾಯಿತು. ಎರಡು ವಾರ ಮೀನು ಬಿಟ್ಟರೆ ಅದರ ಖರ್ಚು ಸರಿಯಾಗುತ್ತದೆ. ನಿನ್ನ ಸೆಗಣಿ ಸಾಮ್ರಾಜ್ಯದ ಅಂತ್ಯಕಾಲ ಸಮೀಪಿಸಿದೆ.

ತಮ್ಮ ಮೂರು ಗೆಣ್ಣಿನ ಯುವರಾಜ,
ಆನ್ಸನ್

*

ಶಂಕರಪುರ
28-3-1990

ಪ್ರೀತಿಯ ಪುತಾ ಆನ್ಸು,

ನಿನ್ನ ಪತ್ರದ ಮೊದಲ ಸಾಲುಗಳನ್ನು ಓದಿ ಪಪ್ಪಾ ಇದು ನಮ್ಮದಲ್ಲ ಎಂದು ಪೋಸ್ಟ್‌ಮ್ಯಾನಿಗೆ ವಾಪಸ್ ಕೊಡಲು ಹೊರಟಿದ್ದರು.

ಕನ್ನಡದಲ್ಲಿ ಬರೆದದ್ದು ಒಳ್ಳೆಯದಾಯಿತು. ಇನ್ನು ನಾನೂ ಹಾಗೆಯೇ ಬರೆಯುತ್ತೇನೆ. ಸುಕೇಶನಿಗೂ ಓದಬಹುದು. ಗಿಡ ಸಿಕ್ಕಿತು ಎಂದು ಅವನು ಒಂದು ಕಾರ್ಡು ಹಾಕಿದ್ದಾನೆ. "ಬೆಟ್ಟಿ ಬಾಯಮ್ಮನಿಗೆ ನಮಸ್ಕಾರ. ಇದಕ್ಕೆ ಎಂತ ಹಾಕಬೇಕು?" ಎರಡೇ ಸಾಲು. ನೀನು ಮೂರು ಪುಟ ಬರೆದೆ, ಏನು ಹಾಕಬೇಕು ಎಂದು ಕೇಳಲಿಲ್ಲ.

ಸುಕೇಶನಿಗೆ ಹೇಳು. ದಿನಾ ಬೆಳಗ್ಗೆ ಅಕ್ಕಿ ತೊಳೆದ ಮೊದಲ ನೀರು. ವಾರಕ್ಕೊಮ್ಮೆ ಒಂದು ಮುಷ್ಟಿ ಚಹಾದ ಚರಟ, ಹಾಲು ಸಕ್ಕರೆ ಹೋಗುವ ಹಾಗೆ ತೊಳೆದು ಮಣ್ಣಿಗೆ ಬೆರೆಸುವುದು. ಹದಿನೈದು ದಿನಕ್ಕೊಮ್ಮೆ ಮೀನು ತೊಳೆದ ನೀರು, ಆದರೆ ಉಪ್ಪು ಹಾಕುವ ಮೊದಲಿನದು. ತಿಂಗಳಿಗೊಮ್ಮೆ ನೆಲಗಡಲೆಯ ಹಿಂಡಿಯನ್ನು ನಾಲ್ಕು ದಿನ ನೆನೆಸಿ, ಒಂದು ಲೋಟಕ್ಕೆ ಹತ್ತು ಲೋಟ ನೀರು ಸೇರಿಸಿ ಬುಡದಿಂದ ನಾಲ್ಕು ಬೆರಳು ದೂರಕ್ಕೆ. ಅಷ್ಟೇ. ಬೇರೆ ಯಾವುದಕ್ಕೂ ದುಡ್ಡು ಹಾಕಬೇಡಿ. ಗಿಡಕ್ಕೆ ಸ್ವಲ್ಪ ಹಸಿವು ಇರಬೇಕು. ಹೊಟ್ಟೆ ತುಂಬಿದ ಗಿಡ ಎಲೆ ಬಿಟ್ಟುಕೊಂಡು ಕೂರುತ್ತದೆ, ಹೂ ಬಿಡುವುದಿಲ್ಲ.

ನೀನು ಬಾಟಲಿ ಹಾಕು. ನಿನಗೆ ಹೇಳಿ ಯಾರಿಗೆ ಪ್ರಯೋಜನ.

ದೇವರು ಒಳ್ಳೆಯದು ಮಾಡಲಿ.
ಮಾಯ್

*

ಖೈತಾನ್
25-4-1990

ಘನವೆತ್ತ ಮಾತೃ ನ್ಯಾಯಾಲಯಕ್ಕೆ, ಅರ್ಜಿದಾರ ಆನ್ಸನ್ ಸಲ್ಲಿಸುವ ತಕರಾರು.

ಒಂದನೆಯದಾಗಿ, ಹುಟ್ಟಿದಂದಿನಿಂದ ನನಗೆ ಕೊಂಕಣಿಯಲ್ಲಿ ಬಯ್ಯುತ್ತಿದ್ದ ತಾಯಿ ಈಗ ಭಾಷೆ ಬದಲಿಸಿದ್ದಾಳೆ. ನಾನು ತಮಾಷೆಗೆ ಕನ್ನಡಕ್ಕೆ ಕಾಲಿಟ್ಟೆ, ಅವಳು ಅಲ್ಲೇ ಬಿಡಾರ ಹೂಡಿದಳು. ಕಾರಣ, ಪರರ ಮಗ ಓದಬೇಕಂತೆ.

ಎರಡನೆಯದಾಗಿ, ಆ ಪರರ ಮಗ ಓದುವುದೂ ಇಲ್ಲ. ಅವನಿಗೆ ಹೋಟೆಲಿನಲ್ಲಿ ಈಗ ಡಬಲ್ ಪಾಳಿ. ಸೂರ್ಯ ಹುಟ್ಟುವ ಮೊದಲೇ ಹೋದವನು ಸಂಜೆ ಬಂದು ಬೂಟು ಸಮೇತ ಮಲಗುತ್ತಾನೆ. ನಿನ್ನ ಪತ್ರವನ್ನು ನಾನು ಅವನ ಕಿವಿಯ ಹತ್ತಿರ ಕೂತು ಗಟ್ಟಿಯಾಗಿ ಓದಿದೆ. "ಹಿಂಡಿ" ಎಂಬಲ್ಲಿ ಒಮ್ಮೆ ಗೊರಕೆ ನಿಲ್ಲಿಸಿದ. ಕಾನೂನಿನ ಪ್ರಕಾರ ಸಮನ್ಸ್ ಜಾರಿಯಾದಂತೆ.

ಮೂರನೆಯದಾಗಿ, ಆ ಹಿಂಡಿ. ಕೆಳಗೆ ಬಕಾಲಾ, ಅಂದರೆ ದಿನಸಿ ಅಂಗಡಿ ಇಟ್ಟಿರುವ ಉಳ್ಳಾಲದ ಅಬೂಬಕ್ಕರಾಕ ಆಡಿನ ಮೇವಿನವರಿಂದ ಅರ್ಧ ಚೀಲ ತರಿಸಿಕೊಟ್ಟರು. ನಾಲ್ಕು ದಿನ ನೆನೆದ ಮೇಲೆ ಅದರ ವಾಸನೆ, ಮಾಯ್, ಪಾಪ ನಿವೇದನೆಗೆ ಹೋದರೆ ಪಾದ್ರಿ ಎದ್ದು ಹೊರಗೆ ಹೋಗಬೇಕು. ಮೂರು ಸಲ ಸಾಬೂನು ಹಾಕಿದರೂ ಕೈಯಿಂದ ಹೋಗುವುದಿಲ್ಲ.

ಮೊನ್ನೆ ಶುಕ್ರವಾರ ನಮ್ಮ ಕಟ್ಟಡದ ಈಜಿಪ್ಟಿನ ಕಾವಲುಗಾರ, ಇಲ್ಲಿ ಹಾರಿಸ್ ಅನ್ನುತ್ತಾರೆ, ಬಾಲ್ಕನಿಗೆ ಬಂದ. ನನ್ನ ಮೂರು ಬಾಟಲಿ, ಅಳತೆಯ ಮುಚ್ಚಳ, ತಾರೀಕು ಬರೆದ ನೋಟುಪುಸ್ತಕ, ಎಲ್ಲ ನೋಡಿದ. ಮೆಲ್ಲಗೆ ಬಾಗಿಲು ಹಾಕಿಕೊಂಡ.

"ಇಷ್ಟು ಔಷಧಿ ಹಾಕಿ ಯಾರೂ ಹೂವು ಬೆಳೆಸುವುದಿಲ್ಲ ಭಾಯಿ," ಅಂದ ತನ್ನ ಹರಕು ಹಿಂದಿಯಲ್ಲಿ. "ನಿಜ ಹೇಳು. ಇದು ಹಶೀಶ್ ಅಲ್ಲವಾ?"

ಒಳಗಿನಿಂದ ಸುಕೇಶ್ ನಿದ್ದೆಗಣ್ಣಲ್ಲೇ ಕೂಗಿದ. "ಅದು ಬೆಟ್ಟಿ ಬಾಯಮ್ಮನ ಮಾಲು ಮಾರಾಯ!"

"ಬೆಟ್ಟಿ ಯಾರು? ಎಲ್ಲಿರುತ್ತಾಳೆ?"

ಹೀಗಾಗಿ ನೀನೀಗ ಅಂತಾರಾಷ್ಟ್ರೀಯ ಕಳ್ಳಸಾಗಣೆದಾರಳು. ಅಭಿನಂದನೆಗಳು. ಕೊನೆಗೆ ಅವನು ಎಡಗಡೆಯ ಡಬ್ಬಿ ತೋರಿಸಿ "ಇದಕ್ಕೆ ಎಂತ ಹಾಕುತ್ತೀರಿ?" ಎಂದು ಕೇಳಿದ. ಅಕ್ಕಿ ತೊಳೆದ ನೀರು, ಚಹಾದ ಚರಟ ಅಂದೆ. "ಖಲಾಸ್, ಇದು ಹೂವು," ಎಂದು ತೀರ್ಪು ಕೊಟ್ಟ. ನನ್ನ ಡಬ್ಬಿಯ ಕಡೆ ಬೆರಳು ಮಾಡಿ, "ಇದು ಹೂ ಬಿಡುವ ತನಕ ವಾರಕ್ಕೊಮ್ಮೆ ಬಂದು ನೋಡುತ್ತೇನೆ," ಅಂದ.

ನನ್ನದರ ಎಲೆ ನೋಡಬೇಕು ನೀನು, ಅಂಗೈ ಅಗಲ. ಸುಕೇಶನದು ಬಡವರ ಮನೆಯ ಗಿಡದ ಹಾಗೆ ಸಣ್ಣಗೆ ನಿಂತಿದೆ. ಆದರೆ ಮೊಗ್ಗು ಬಂದಿರುವುದು ಅದರಲ್ಲಿ.

ಇದನ್ನು ಸುಮ್ಮನೆ ಬರೆದೆ.

ಶಂಕಿತ ಆರೋಪಿ,
ಆನ್ಸನ್

*

ಶಂಕರಪುರ
22-5-1990

ಪ್ರೀತಿಯ ಪುತಾ,

ಹಾರಿಸನ ಕಥೆ ಓದಿ ಪಪ್ಪಾ ಎರಡು ದಿನ ನನ್ನನ್ನು "ಹಶೀಶ್ ಬಾಯಿ" ಎಂದು ಕರೆದರು. ಇಂಥದ್ದನ್ನೆಲ್ಲ ಪತ್ರದಲ್ಲಿ ಬರೆಯಬೇಡ.

ಸುಕೇಶನ ಕಾರ್ಡು ಬಂತು. ಅವನ ಗಿಡ ಹೂ ಬಿಟ್ಟಿತಂತೆ, ಒಂದೇ ದಿನ ಹದಿನಾಲ್ಕು. ನಾನು ಹೊಗಳಿ ಬರೆದಿದ್ದೆ, ಅದಕ್ಕೆ ಅವನ ಉತ್ತರ ಹೀಗೆ. "ನಾನು ಎಂತದ್ದೂ ಮಾಡುವುದಿಲ್ಲ ಬಾಯಮ್ಮ. ಅದು ತನ್ನಷ್ಟಕ್ಕೆ ಬೆಳೆಯುತ್ತದೆ. ನಿಮ್ಮ ಆಶೀರ್ವಾದ." ಎಂಥ ವಿನಯ ನೋಡು. ಪಪ್ಪನಿಗೆ ಎರಡು ಸಲ ಓದಿ ಹೇಳಿದೆ.

ನನ್ನ ತಾಯಿ ಹೇಳುತ್ತಿದ್ದಳು, ಮಲ್ಲಿಗೆಯ ಕೈಗುಣ ಒಂದು ಮನೆಯಲ್ಲಿ ಒಬ್ಬರಿಗೆ ಮಾತ್ರ ಎಂದು. ಅವಳಿಂದ ನನಗೆ ಬಂತು. ನನ್ನ ನಂತರ ನಿಲ್ಲುತ್ತದೆ ಎಂದು ಎಣಿಸಿದ್ದೆ. ಈಗ ನೋಡಿದರೆ ಕಟಪಾಡಿಗೆ ಹೋಗಿದೆ. ದೇವರ ಲೆಕ್ಕ ನಮಗೆ ಗೊತ್ತಾಗುವುದಿಲ್ಲ.

ಬಾವಿಯ ಹಿಂದೆ ಹೊಸ ಸಾಲು ಮಾಡಬೇಕೆಂದಿದ್ದೆನಲ್ಲ, ಹನ್ನೆರಡು ಗಿಡ. ಹೊಸ ಸಾಲನ್ನು ಕೈಗುಣ ಇದ್ದವರೇ ನೆಡಬೇಕು. ನನಗೆ ಈಗ ಸೊಂಟ ಬಗ್ಗುವುದಿಲ್ಲ. ಸುಕೇಶ್ ಆಗಸ್ಟಿನಲ್ಲಿ ರಜೆಯಲ್ಲಿ ಬರುತ್ತಾನಂತೆ. ಅವನ ಕೈಯಲ್ಲಿ ನೆಡಿಸುತ್ತೇನೆ. ಬಂದವನು ನಮ್ಮಲ್ಲೇ ನಾಲ್ಕು ದಿನ ಉಳಿಯಲಿ.

ನಿನ್ನ ಗಿಡದ ಬಗ್ಗೆ ನೀನು ಏನೂ ಬರೆಯಲಿಲ್ಲ.

ದೇವರು ಒಳ್ಳೆಯದು ಮಾಡಲಿ.
ಮಾಯ್

*

ಖೈತಾನ್
15-6-1990

ಕಟಪಾಡಿಯ ಮಲ್ಲಿಗೆ ಸಂಸ್ಥಾನದ ನೂತನ ರಾಜಮಾತೆಗೆ, ಪದಚ್ಯುತನಾದವನ ವಂದನೆಗಳು.

ನನ್ನ ಗಿಡದ ಬಗ್ಗೆ ಕೇಳಿದೆಯಲ್ಲ. ಅದು ವೀರಮರಣದ ಹಾದಿಯಲ್ಲಿದೆ. ಎಲೆಯ ಅಂಚು ಸುಟ್ಟು ಹಪ್ಪಳವಾಗಿದೆ. ಮಣ್ಣಿನ ಮೇಲೆ ಬಿಳಿ ಉಪ್ಪು ಕೂತಿದೆ. ಇಂಗ್ಲಿಷಿನವನನ್ನು ಕೇಳಿದರೆ ನಾಲ್ಕನೆಯ ಬಾಟಲಿಯ ಹೆಸರು ಹೇಳಿದ. ಹಾರಿಸ್ ಮಾತ್ರ ಈಗ ನೆಮ್ಮದಿಯಲ್ಲಿದ್ದಾನೆ.

ಪಕ್ಕದಲ್ಲಿ ಆ ಎಡಗಡೆಯದು ದಿನಾ ಬೆಳಗ್ಗೆ ಹಲ್ಲು ಕಿರಿಯುತ್ತದೆ. ಅದರ ಹೂವನ್ನು ಅಬೂಬಕ್ಕರಾಕ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟುಕೊಳ್ಳುತ್ತಾರೆ, ಬಂದ ಗಿರಾಕಿಗಳಿಗೆಲ್ಲ "ನಮ್ಮ ಸುಕೇಶಂದು" ಎನ್ನುತ್ತಾರೆ. ಸುಕೇಶ್ ಕಣ್ಣುಜ್ಜಿಕೊಂಡು ನಗುತ್ತಾನೆ. ಮಾಯ್, ಆ ನಗು ನೋಡಿದಾಗ ಹೊಟ್ಟೆಯಲ್ಲಿ ಒಲೆ ಉರಿಯುತ್ತದೆ, ಅದರ ಮೇಲೆ ಅನ್ನ ಬೇಯಿಸಬಹುದು.

ಈಗ ಬಿರುದು ಬಿಟ್ಟು ಒಂದು ಮಾತು. ಜನವರಿಯಲ್ಲಿ ನಾನು ಹಾರೆ ಹಿಡಿದು ಬಾವಿಯ ಹಿಂದೆ ಹೋಗಿದ್ದೆ, ನೆನಪುಂಟಾ? "ನಿನ್ನ ಕೈ ಬೇಡ ಪುತಾ, ನೀನು ನೆಟ್ಟ ಬದನೆಯೂ ಬದುಕಲಿಲ್ಲ," ಎಂದು ಹಾರೆ ಕಸಿದುಕೊಂಡೆ. ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಗಿಸುವವನಿಗೆ ತಾಗುವುದಿಲ್ಲ ಎಂದು ನೀವೆಲ್ಲ ಎಣಿಸಿದ್ದೀರಿ. ಬದನೆ ನೆಟ್ಟಾಗ ನನಗೆ ಒಂಬತ್ತು ವರ್ಷ. ಆ ಸಾಲು ನಾನು ನೆಡುತ್ತೇನೆ. ಬರುವ ಜನವರಿ ತನಕ ಕಾಯಬಾರದಾ?

ಆನ್ಸು

*

ಶಂಕರಪುರ
10-7-1990

ಪ್ರೀತಿಯ ಪುತಾ,

ಹಠ ಮಾಡಬೇಡ. ಹಬ್ಬಕ್ಕೆ ಹೊಸ ಅಂಗಿ ಕೇಳುವ ಹಾಗೆ ಕೇಳುತ್ತೀ. ಕೈಗುಣ ಕೇಳಿ ಬರುವುದಲ್ಲ. ಜನವರಿಯಲ್ಲಿ ನೆಟ್ಟರೆ ಬಾವಿಯಲ್ಲಿ ನೀರು ಸಾಲುವುದಿಲ್ಲ. ಮಳೆ ಹಸಿ ಇರುವಾಗಲೇ ಆಗಬೇಕು.

ನಿನ್ನ ಗಿಡಕ್ಕೆ ಬಾಟಲಿ ನಿಲ್ಲಿಸು. ಎರಡು ಕೊಡ ಬರೀ ನೀರು ಹೊಯ್ಯಿ, ಕೆಳಗಿನ ತೂತಿನಿಂದ ಉಪ್ಪೆಲ್ಲ ಇಳಿದು ಹೋಗಲಿ. ಆಮೇಲೆ ಒಂದು ತಿಂಗಳು ಏನೂ ಹಾಕಬೇಡ. ಸುಕೇಶನನ್ನು ಕೇಳು, ಅವನು ತೋರಿಸುತ್ತಾನೆ.

ಅವನು ಆಗಸ್ಟ್ ಹತ್ತನೇ ತಾರೀಕಿಗೆ ಹೊರಡುವುದಂತೆ. ಮಣ್ಣು ಅಗೆದು ಹೊಂಡ ಮಾಡಿಸಿಟ್ಟಿದ್ದೇನೆ.

ದೇವರು ಒಳ್ಳೆಯದು ಮಾಡಲಿ.
ಮಾಯ್

*

ಖೈತಾನ್
22-8-1990

ಮಾಯ್,

ಈ ಪತ್ರ ಸುಕೇಶನ ಕಿಸೆಯಲ್ಲಿ ಬರುತ್ತದೆ. ಅವನು ಬಸ್ಸಿನೊಳಗೆ ಕೂತಿದ್ದಾನೆ, ನಾನು ಕಿಟಕಿಯ ಕೆಳಗೆ ನಿಂತು ಬರೆಯುತ್ತಿದ್ದೇನೆ. ಇಲ್ಲಿ ಅಂಚೆ ಇಲ್ಲ, ಫೋನ್ ಇಲ್ಲ, ಎರಡನೇ ತಾರೀಕಿನಿಂದ ಇರಾಕಿನವರು ಬೀದಿಯಲ್ಲಿದ್ದಾರೆ. ರೇಡಿಯೋದಲ್ಲಿ ಕೇಳಿರುತ್ತೀರಿ. ಪಪ್ಪಾ ಕೇಳಿದ್ದಕ್ಕಿಂತ ಸ್ವಲ್ಪ ಕಡಿಮೆ ಎಂದೇ ತಿಳಿಯಿರಿ. ನನಗೆ ಏನೂ ಆಗಿಲ್ಲ. ಉಣ್ಣುತ್ತಿದ್ದೇನೆ.

ರಜೆಗೆ ಹೋಗುವವನಾದ್ದರಿಂದ ಸುಕೇಶನ ಪಾಸ್‌ಪೋರ್ಟ್ ಅವನ ಕೈಗೆ ಬಂದಿತ್ತು. ನನ್ನದು ನನಗೆ ವೀಸಾ ಕೊಟ್ಟ ಇಲ್ಲಿನ ಮಾಲಕ, ಕಫೀಲನ ತಿಜೋರಿಯಲ್ಲಿ, ತಿಜೋರಿಯ ಕೀಲಿ ಕಫೀಲನ ಜೇಬಿನಲ್ಲಿ, ಕಫೀಲ ಸೌದಿಯಲ್ಲಿ. ಸುಕೇಶ್ ಬಸ್ಸಿನಲ್ಲಿ ಬಾಗ್ದಾದಿಗೆ, ಅಲ್ಲಿಂದ ಅಮ್ಮಾನಿಗೆ, ಅಲ್ಲಿಂದ ವಿಮಾನ. ನನಗೆ ರಾಯಭಾರ ಕಚೇರಿಯವರು ಕಾಗದ ಮಾಡಿಕೊಟ್ಟ ಮೇಲೆ ಹೊರಡುತ್ತೇನೆ. ಎಷ್ಟು ದಿನವೋ.

ಅವನು ಹೊರಡುವುದಿಲ್ಲ ಎಂದು ಮೆಟ್ಟಿಲ ಮೇಲೆ ಕೂತ. "ನಿನ್ನನ್ನು ಬಿಟ್ಟು ಹೋಗಿ ಬಾಯಮ್ಮನಿಗೆ ಎಂತ ಮುಖ ತೋರಿಸುವುದು?" ಅಂತ ಅತ್ತ. ನಾನೇ ಕುತ್ತಿಗೆ ಹಿಡಿದು ಬಸ್ಸಿಗೆ ತಳ್ಳಿದೆ. ಗಿಡವನ್ನು ನೋಡಿಕೊಳ್ಳುತ್ತೇನೆ ಎಂದೆ. ಅದಕ್ಕೆ ಅವನು, "ಅದನ್ನು ಎಂತ ನೋಡುವುದುಂಟು ಮಾರಾಯ, ಅದು ತನ್ನಷ್ಟಕ್ಕೆ ಬೆಳೆಯುತ್ತದೆ," ಅಂದ. ಅಷ್ಟು ಅಳುವಿನ ನಡುವೆಯೂ ಅವನನ್ನು ಕಿಟಕಿಯಿಂದ ಎಳೆದು ಕೆಳಗೆ ಹಾಕಬೇಕು ಅನ್ನಿಸಿತು.

ಅವನು ನಮ್ಮ ಮನೆಗೆ ಬರುತ್ತಾನೆ. ನನ್ನ ಕುರ್ಚಿಯಲ್ಲಿ ಕೂರಿಸಬೇಡ. ತೆನೆಹಬ್ಬಕ್ಕೆ ನನ್ನ ಪಾಲಿನ ಹೊಸ ಅಕ್ಕಿ ಅವನಿಗೆ ಕೊಡಬೇಡ. ನನ್ನ ಚಾಪೆ, ನನ್ನ ಲೋಟ ಬೇಡ. ತಮಾಷೆ ಅಂತ ತಿಳಿಯಬೇಡ.

ಕಾಲು ಊದಿದ್ದರೆ ಬಿಸಿನೀರು ಕೊಡು. ಅವನು ಕೇಳುವವನಲ್ಲ.

ಆನ್ಸು

*

ಶಂಕರಪುರ
10-9-1990

ಪುತಾ,

ಲಕೋಟೆ ತರಲು ಪೋಸ್ಟ್ ಆಫೀಸಿಗೆ ಹೋದೆ. ಕುವೈತಿಗೆ ಅಂಚೆ ಇಲ್ಲ ಬಾಯಿ ಎಂದರು. ಇಲ್ಲದಿದ್ದರೂ ಬರೆಯುತ್ತೇನೆ. ಬೈಬಲ್ಲಿನ ಒಳಗೆ ಇಡುತ್ತೇನೆ.

ಸುಕೇಶ್ ಆರನೇ ತಾರೀಕಿಗೆ ಬಂದ. ಬಾಗಿಲಲ್ಲಿ ನಿಂತು ನಿನ್ನ ಪತ್ರ ಕೊಟ್ಟ, ಆಮೇಲೆ ಕೂತ. ನಿನ್ನ ಕುರ್ಚಿಯಲ್ಲೇ ಕೂತ. ಏಳು ಎನ್ನಲು ನನ್ನಿಂದಾಗಲಿಲ್ಲ. ಪಾದ ಎರಡೂ ಊದಿ ಹಲಸಿನ ಹಾಗಿತ್ತು. ಮರುಭೂಮಿಯಲ್ಲಿ ಡೇರೆಯಲ್ಲಿ ಐದು ದಿನ ಇದ್ದನಂತೆ. ಬಿಸಿನೀರು ಕೊಟ್ಟೆ.

ಎಂಟನೇ ತಾರೀಕಿಗೆ ತೆನೆಹಬ್ಬ. ಆಶೀರ್ವಾದದ ಕಾಳು ಮನೆಯಲ್ಲಿರುವವರಿಗೆ ಹಂಚಿದ ಮೇಲೆ ಒಂದು ಪಾಲು ನಿನ್ನದು ಅಂತ ತೆಗೆದಿಟ್ಟೆ. ಪ್ರತಿ ವರ್ಷ ಲಕೋಟೆಯಲ್ಲಿ ಹಾಕಿ ಕಳಿಸುತ್ತಿದ್ದೆನಲ್ಲ, ಹಾಗೆಯೇ. ಸುಕೇಶನಿಗೆ ನನ್ನ ಪಾಲಿನಿಂದ ಕೊಟ್ಟೆ. ನಿನ್ನದನ್ನು ಮುಟ್ಟಲಿಲ್ಲ. ಲೋಟವೂ ಬೇರೆ.

ನಿನ್ನೆ ಅವನು ಹನ್ನೆರಡು ಗಿಡ ನೆಟ್ಟ. ಎಷ್ಟು ಆಳ ಎಂದು ಮೂರು ಸಲ ಕೇಳಿದ. ಹಿಂಡಿಗೆ ಅಲ್ಲಿ ಎಷ್ಟು ನೀರು ಹಾಕುತ್ತಿದ್ದಿ ಎಂದರೆ ನನ್ನ ಮುಖವನ್ನೇ ನೋಡಿದ. ಪಾಪ, ದಾರಿಯಲ್ಲಿ ಕಂಡದ್ದೆಲ್ಲ ತಲೆಯಲ್ಲಿ ಸುತ್ತುತ್ತಿರಬೇಕು.

ಪಪ್ಪಾ ರೇಡಿಯೋದ ಕಿವಿ ಹಿಂಡುತ್ತಲೇ ಇರುತ್ತಾರೆ. ನಿನ್ನ ಕಾಗದ ಆಯಿತಾ?

ಮಾಯ್

*

ಶಂಕರಪುರ
20-1-1991

ಪುತಾ,

ಯುದ್ಧ ಶುರುವಾಯಿತು ಎಂದು ಪಪ್ಪಾ ಹೇಳಿದರು. ನಾನು ಹೂ ಕೊಯ್ಯಲು ಹೋದೆ. ಹೂವು ಕಾಯುವುದಿಲ್ಲ.

ಅಮ್ಮಾನಿನ ವಿಮಾನಗಳು ಅಕ್ಟೋಬರಿನಲ್ಲೇ ನಿಂತವು ಎಂದು ಗೊತ್ತಾದ ಮೇಲೆ ದಿನ ಎಣಿಸುವುದನ್ನು ಬಿಟ್ಟೆ. ಸುಕೇಶ್ ಬೊಂಬಾಯಿಯಲ್ಲಿ ಹೋಟೆಲಿಗೆ ಸೇರಿದ್ದಾನೆ. ವಾರಕ್ಕೊಂದು ಕಾರ್ಡು ಹಾಕುತ್ತಾನೆ, ಎರಡು ಸಾಲು. ಮೊದಲ ಸಾಲು, "ಆನ್ಸುವಿನ ಸುದ್ದಿ ಉಂಟಾ?"

ಹೊಸ ಸಾಲಿನ ಹನ್ನೆರಡರಲ್ಲಿ ಹನ್ನೊಂದು ಒಣಗಿತು. ಅವನು ಹೋಗುವವರೆಗೆ ದಿನಾ ಮೂರು ಹೊತ್ತು ನೀರು ಹೊಯ್ದ. ಯಾಕೆ ಹೀಗಾಯಿತೋ. ಚಿಂತೆಯಲ್ಲಿ ಕೈ ಕಾದಿತ್ತೋ ಏನೋ. ಬೇರೆ ನೆಡಲಿಲ್ಲ. ಹೊಂಡಗಳು ಹಾಗೆಯೇ ಇವೆ.

ನಿನ್ನ ಹಳೆಯ ಪತ್ರ ತೆಗೆದು ಓದಿದೆ. ಕೋಳಿಗಳ ಎದೆಶೂಲ. ಪಪ್ಪನಿಗೂ ಓದಿ ಹೇಳಲು ಹೋದೆ, ಅರ್ಧಕ್ಕೇ ಬೇಡ ಎಂದರು.

ನಿನಗೆ ಮೂರು ಗೆಣ್ಣಿನದು ಕೊಟ್ಟದ್ದು ಯಾಕೆಂದು ಹೇಳಲೇ ಇಲ್ಲ. ಸಣ್ಣ ಗಿಡ ಬೇಗ ಬೇರು ಹಿಡಿಯುತ್ತದೆ. ನೀನು ಮರೆತರೂ ಬದುಕಲಿ ಎಂದು.

ಮಾಯ್

*

ಖೈತಾನ್
2-5-1991

ಮಾಯ್,

ಬಿರುದುಗಳು ಖರ್ಚಾಗಿವೆ. ಆದ್ದರಿಂದ ಬರೀ ಮಾಯ್.

ಊರಿನಿಂದ ಬಹ್ರೈನ್ ಮಾರ್ಗವಾಗಿ ಬಂದ ಬಜಪೆಯ ಡೊಮಿನಿಕ್ ನಿನ್ನ ಎರಡು ಪತ್ರ, ಕಾಳಿನ ಲಕೋಟೆ ಎಲ್ಲ ಕೈಗೆ ಕೊಟ್ಟ. ಅಬೂಬಕ್ಕರಾಕನ ಅಳಿಯ ನಾನು ಬದುಕಿದ್ದೇನೆ ಎಂದು ಮಾರ್ಚ್‌ನಲ್ಲಿ ದಮಾಮಿನಿಂದ ಹಾಕಿದ ತಂತಿ ನಿಮಗೆ ಸಿಕ್ಕಿತ್ತು ಎಂದೂ ಹೇಳಿದ. ತಂತಿ ಓದಿ ನೀನು ಏನು ಮಾಡಿದೆ ಎಂದು ಕೇಳಿದೆ. "ಏನೂ ಇಲ್ಲ, ಸೀದಾ ತೋಟಕ್ಕೆ ಹೋದರಂತೆ, ಮಧ್ಯಾಹ್ನದ ಊಟಕ್ಕೂ ಬರಲಿಲ್ಲವಂತೆ," ಅಂದ.

ರಾಯಭಾರ ಕಚೇರಿಯ ಕಾಗದ ನನಗೆ ಸಿಗುವಾಗ ಬಸ್ಸುಗಳ ಓಡಾಟ ನಿಂತಿತ್ತು. ಆಮೇಲಿನ ತಿಂಗಳುಗಳನ್ನು ಬರೆಯುವುದಿಲ್ಲ. ಬಂದು ಹೇಳುತ್ತೇನೆ, ಅಥವಾ ಹೇಳುವುದಿಲ್ಲ. ಅಬೂಬಕ್ಕರಾಕ ನನ್ನನ್ನು ಅಂಗಡಿಯ ಹಿಂದಿನ ಕೋಣೆಗೆ ಕರೆದುಕೊಂಡರು. ಅಂಗಡಿಯಲ್ಲಿ ಕೊನೆಗೆ ಉಳಿದದ್ದು ಅಕ್ಕಿ, ಚಹಾ ಪುಡಿ ಮತ್ತು ಅವರ ಬಾಯಿ. "ನಿನ್ನ ಗೆಳೆಯನ ಗಿಡವನ್ನೂ ತಾ ಮಾರಾಯ, ಅದು ಒಂದು ಬಾಯಿ, ಉಣ್ಣಲಿ," ಅಂದರು. ತಂದಿಟ್ಟೆ.

ನನ್ನ ಡಬ್ಬಿ ಆಗಸ್ಟಿನಲ್ಲೇ ತೀರಿಕೊಂಡಿತ್ತು. ಬಾಟಲಿ ಮಾರುವ ಅಂಗಡಿ ಲೂಟಿಯಾದ ವಾರವೇ. ನಾನು ನೀನು ಹೇಳಿದಂತೆ ಎರಡು ಕೊಡ ನೀರು ಹೊಯ್ದೆ, ಆದರೆ ತಡವಾಗಿತ್ತು. ಬೇರು ಕೆಲಸವನ್ನೇ ಕಲಿತಿರಲಿಲ್ಲ. ಎಡಗಡೆಯದಕ್ಕೆ ಮಾತ್ರ ಯುದ್ಧ ಗೊತ್ತೇ ಆಗಲಿಲ್ಲ. ಅದು ಮೊದಲಿನಿಂದಲೂ ತಿನ್ನುತ್ತಿದ್ದದ್ದು ನಾವು ಚೆಲ್ಲುವುದನ್ನೇ. ಫೆಬ್ರವರಿ ಕೊನೆಯಲ್ಲಿ ನಳ್ಳಿ ನಿಂತಿತು. ಬಾಲ್ದಿ ಹಿಡಿದು ಸಾಲಿನಲ್ಲಿ ನಿಂತು ತಂದ ನೀರಿನಲ್ಲಿ ಅಕ್ಕಿ ತೊಳೆದು, ಆ ನೀರಿನಲ್ಲಿ ನಾನು ಕೈ ಅದ್ದಿ ಮುಖ ಒರೆಸಿಕೊಂಡು, ಉಳಿದದ್ದು ಅದಕ್ಕೆ. ಮೀನು ಇರಲಿಲ್ಲ. ಹಿಂಡಿ ಚೀಲದ ತಳದಲ್ಲಿ ಎರಡು ಹಿಡಿ ಉಳಿದಿತ್ತು. ಅಬೂಬಕ್ಕರಾಕ ಒಂದು ದಿನ ಅದನ್ನು ಬಹಳ ಹೊತ್ತು ನೋಡಿದರು, ಮತ್ತೆ ಗಂಟು ಕಟ್ಟಿಟ್ಟರು.

ಈಗ ಎಣ್ಣೆ ಬಾವಿಗಳು ಉರಿಯುತ್ತಿವೆ. ಮಧ್ಯಾಹ್ನ ಹನ್ನೆರಡಕ್ಕೆ ವಾಹನಗಳು ದೀಪ ಹಾಕಿಕೊಂಡು ಹೋಗುತ್ತವೆ. ಎಲೆಯ ಮೇಲೆ ಜಿಡ್ಡು ಮಸಿ ಕೂರುತ್ತದೆ. ದಿನಾ ಹಳೆಯ ಬನಿಯನ್ ಒದ್ದೆ ಮಾಡಿ ಒಂದೊಂದೇ ಎಲೆ ಒರೆಸುತ್ತೇನೆ. ಹೋದ ವಾರ ಹೂ ಬಿಟ್ಟಿತು, ಒಂಬತ್ತು. ಬೂದು ಬಣ್ಣ. ಆದರೆ ಪರಿಮಳಕ್ಕೆ ಮಸಿ ಹಿಡಿಯುವುದಿಲ್ಲ ಎಂದು ಗೊತ್ತಾಯಿತು. ಹಾರಿಸ್ ಎಲ್ಲಿಂದಲೋ ವಾಪಸ್ ಬಂದಿದ್ದಾನೆ, ಬಾಗಿ ಮೂಸಿ, ನನ್ನ ಭುಜ ತಟ್ಟಿ ಹೋದ. ಒಂದು ಹೂ ಈ ಪತ್ರದೊಳಗೆ ಇದೆ. ನಿನ್ನ ಕಾಳು ಹನ್ನೊಂದು ಇತ್ತು, ತಿಂದೆ. ಪೂರ್ತಿ ನನ್ನ ಪಾಲು, ಯಾರಿಗೂ ಕೊಡಲಿಲ್ಲ. ಅಬೂಬಕ್ಕರಾಕನಿಗೆ ಎರಡು ಕೊಟ್ಟೆ.

ಕಫೀಲ ಬಂದು ತಿಜೋರಿ ತೆರೆದ. ಪಾಸ್‌ಪೋರ್ಟ್ ಹಾಗೆಯೇ ಇದೆ. ಫೋಟೋದಲ್ಲಿರುವವನು ನನಗಿಂತ ದಪ್ಪ. ಜೂನ್ ಕೊನೆಗೆ ರಜೆ ಕೊಡುತ್ತಾರಂತೆ. ಮಳೆ ಹಿಡಿದಿರುತ್ತದೆ.

ಸುಕೇಶನಿಗೆ ಬರೆ, ಆನ್ಸುವಿನ ಸುದ್ದಿ ಉಂಟು ಎಂದು. ಅವನ ಗಿಡ ಚೆನ್ನಾಗಿದೆ ಎಂದೂ ಬರೆ. ಒಣಗಿದ ಹನ್ನೊಂದಕ್ಕೆ ಅವನು ಬೇಸರ ಮಾಡಿಕೊಳ್ಳುವುದು ಬೇಡ. ನೀನೂ ಆ ಹೊಂಡಗಳನ್ನು ಮುಚ್ಚಬೇಡ, ಹಾರೆಯನ್ನು ಯಾರ ಕೈಗೂ ಕೊಡಬೇಡ. ಕಾರಣ ಕೆಳಗೆ ಸಣ್ಣ ಅಕ್ಷರದಲ್ಲಿದೆ, ಕನ್ನಡಕ ಹಾಕಿಕೋ.

ನಿನ್ನ,
ಆನ್ಸು

ವಿ.ಸೂ.: ಎಡಗಡೆಯ ಡಬ್ಬಿಗೆ ಅಕ್ಕಿ ತೊಳೆದ ನೀರು, ಚರಟ, ಮೀನಿನ ನೀರು, ಹಿಂಡಿ, ನೀನು ಹೇಳಿದ ದಿನ, ನೀನು ಹೇಳಿದ ಅಳತೆ, ಬುಡದಿಂದ ನಾಲ್ಕು ಬೆರಳು ದೂರ, ಮೊದಲ ದಿನದಿಂದ ಹಾಕಿದ್ದು ನಾನು. ಸುಕೇಶ್ ನಿದ್ದೆಯಲ್ಲಿದ್ದ. ಅದು ತನ್ನಷ್ಟಕ್ಕೆ ಬೆಳೆಯುತ್ತದೆ ಎಂದು ಅವನು ಈಗಲೂ ನಂಬಿದ್ದಾನೆ, ಹೇಳಬೇಡ. ನನ್ನ ಡಬ್ಬಿಗೂ ಅದನ್ನೇ ಹಾಕಬಹುದಿತ್ತು. ಹಾಕಿದರೆ ನೀನು ಗೆದ್ದ ಹಾಗೆ ಆಗುತ್ತಿತ್ತು.